ಕೊರೆದ ಕೈಯ ಹೆಸರು

ಬೀದರಿನ ಓಣಿಯೊಂದರ ಅಂಗಡಿ. ಗಿರಾಕಿಯೊಬ್ಬರು ಬಿದರಿ ಹೂದಾನಿಯನ್ನು ಬೆಳಕಿಗೆ ತಿರುಗಿಸಿ, "ಈ ಬಳ್ಳಿ ಯಾರು ಕೊರೆದದ್ದು?" ಎಂದು ಕೇಳಿದರು. "ನಮ್ಮಲ್ಲೇ ಮಾಡಿಸಿದ್ದು" ಎಂದರು ಮಾಲೀಕರು. ಕೊರೆದವ ಎರಡು ಮಾರು ದೂರದಲ್ಲೇ ಕೂತಿದ್ದ. ಉಳಿಯ ಸದ್ದು ಅರೆಕ್ಷಣ ನಿಂತು ಮತ್ತೆ ಶುರುವಾಯಿತು. ಆ ಅರೆಕ್ಷಣವೇ ಇಲ್ಲಿನ ವಿಷಯ.

ಸಂಶಯ ಇದು: ಕುಶಲ ಕೆಲಸಗಾರ ಒಂದೆಡೆ ಮನಸ್ಸಿಟ್ಟು ನಿಲ್ಲಲು ಕೂಲಿ ಸಾಕೇ, ಮನ್ನಣೆಯೂ ಬೇಕೇ? ಬೇಕು ಎಂಬುದು ನನ್ನ ಪಕ್ಷ. ಮನ್ನಣೆಯೆಂದರೆ ಶಾಲು, ಹಾರವಲ್ಲ. ಯಾವ ಕೆಲಸ, ಯಾರ ಕೈ, ಕಷ್ಟ ಎಲ್ಲಿತ್ತು ಎಂಬುದನ್ನು ಅರಿತವರು ಬಾಯಿಬಿಟ್ಟು ಹೇಳುವುದು.

ಬಿದರಿಯನ್ನೇ ನೋಡಿ. ಸತು, ತಾಮ್ರದ ಎರಕ ಹೊಯ್ಯುವವರು ಒಬ್ಬರು, ಅರ ಹಾಕಿ ನಯಗೊಳಿಸುವವರು ಇನ್ನೊಬ್ಬರು. ಮೈಲುತುತ್ತದಿಂದ ಕಪ್ಪಾದ ಮೈಮೇಲೆ ಬಳ್ಳಿ ಬರೆದು ಕೊರೆಯುವ ಕೈ ಬೇರೆ, ಆ ಗೀರಿಗೆ ಬೆಳ್ಳಿ ತಂತಿ ಕೂರಿಸುವ ಕೈ ಬೇರೆ. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರದ ಬಿಸಿ ದ್ರಾವಣದಲ್ಲಿ ಸತುವಿನ ಮೈ ಕಡುಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. 2006ರ ಭೌಗೋಳಿಕ ಸೂಚಿಕೆ ಊರನ್ನು ಗುರುತಿಸಿತು. 2023ರ ಪದ್ಮಶ್ರೀ ಉಸ್ತಾದ ಶಾ ರಶೀದ್ ಅಹ್ಮದ್ ಖಾದ್ರಿಯವರನ್ನು ಗುರುತಿಸಿತು. ಎರಡೂ ನ್ಯಾಯವೇ. ಆದರೆ ಅಂಗಡಿಯ ಮೂಲೆಯಲ್ಲಿ ಗೀರು ಹಾಕಿದವನ ಮನ್ನಣೆ ದಿಲ್ಲಿಯಿಂದ ಬರುವುದಿಲ್ಲ. ಅದು ಮಾಲೀಕರ ಬಾಯಲ್ಲಿದೆ.

ಹೊಗಳಿಕೆ ಹೊಟ್ಟೆ ತುಂಬಿಸೀತೇ ಎಂಬುದು ಮೊದಲ ಆಕ್ಷೇಪ. ತುಂಬಿಸದು. ಕೂಲಿ ಕಡಿದು ಹೊಗಳುವುದು ಮೋಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೂಲಿ ಸಮನಾಗಿರುವ ಎರಡು ಅಂಗಡಿಗಳಲ್ಲಿ ಕಾರಿಗರ ಯಾವುದನ್ನು ಆರಿಸಿಯಾನು?

ಒಬ್ಬನನ್ನು ಮೆಚ್ಚಿದರೆ ಹತ್ತು ಜನ ಮುನಿಯುತ್ತಾರೆ ಎನ್ನುವವರಿದ್ದಾರೆ. ವರ್ಷಕ್ಕೊಬ್ಬ 'ಉತ್ತಮ ನೌಕರ'ನನ್ನು ಆರಿಸುವಲ್ಲಿ ಹಾಗಾಗುವುದು ನಿಜ. ಆದರೆ ನಮ್ಮ ಸಾರಿಗೆ ನಿಗಮಗಳಲ್ಲಿ ವರ್ಷಗಟ್ಟಲೆ ಅಪಘಾತವಿಲ್ಲದೆ ಬಸ್ ಓಡಿಸಿದ ಚಾಲಕರಿಗೆ ಬೆಳ್ಳಿ ಪದಕ ಕೊಡುವ ರೂಢಿಯಿದೆ. ಭಾಲ್ಕಿಯಿಂದ ಔರಾದಿಗೆ ಬಸ್ ಓಡಿಸುವ ಚಾಲಕ ಅದನ್ನು ಪಡೆದರೆ ಪಕ್ಕದ ಚಾಲಕನ ಪಾಲೇನೂ ಕಡಿಮೆಯಾಗದು, ಅಷ್ಟು ವರ್ಷ ಓಡಿಸಿದರೆ ಅವನಿಗೂ ಇದೆ. ಅಳತೆ ಎಲ್ಲರಿಗೂ ಗೊತ್ತಿದ್ದರೆ ಮುನಿಸಿಗೆ ಎಡೆಯೆಲ್ಲಿ? ಅದೇ ಬಸ್ಸಿನ ಬ್ರೇಕು ನೋಡಿಕೊಂಡ ಮೆಕ್ಯಾನಿಕ್ಕನ ಹೆಸರೂ ಆ ದಿನ ಕೇಳಿಬರಲಿ ಎಂಬುದು ನನ್ನ ಆಸೆ.

ಮೂರನೆಯ ಆಕ್ಷೇಪ ಗಟ್ಟಿಯಾದದ್ದು. ಬಸವಕಲ್ಯಾಣ ಇರುವ ಜಿಲ್ಲೆಯಲ್ಲಿ ಕುಳಿತು ಮನ್ನಣೆ ಕೇಳುವುದೇ? ಕಾಯಕಕ್ಕೆ ಹೊಗಳಿಕೆಯ ಹಂಗೇಕೆ? ಹೌದು, ಶರಣರು ಹೊಗಳಿಕೆಗೆ ದುಡಿಯಲಿಲ್ಲ. ಆದರೆ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಎಂಬ ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಹೇಳಿಕೊಳ್ಳಿ. ಬಟ್ಟೆ ಒಗೆದದ್ದು, ದೋಣಿ ನಡೆಸಿದ್ದು, ಹಗ್ಗ ಹೊಸೆದದ್ದು ಹೆಸರಿಗೇ ಅಂಟಿಕೊಂಡು ಎಂಟುನೂರು ವರ್ಷ ದಾಟಿ ಬಂದಿದೆ. ಮನ್ನಣೆ ಬೇಡುವುದು ದುಡಿದವನಿಗೆ ತಕ್ಕದ್ದಲ್ಲದಿರಬಹುದು, ಕೊಡುವುದು ಕಂಡವರ ಕರ್ತವ್ಯ.

ಕೊನೆಯದು ಮಾಲೀಕರ ಅಂಜಿಕೆ: ಹೆಸರು ಹೊರಬಿದ್ದರೆ ಪಕ್ಕದ ಅಂಗಡಿಯವರು ಸೆಳೆದುಕೊಂಡಾರು. ಆದರೆ ಯಾರ ಗೀರು ಯಾವುದೆಂದು ಓಣಿಗೆಲ್ಲ ಮೊದಲೇ ಗೊತ್ತು, ಗೊತ್ತಿಲ್ಲದಿರುವುದು ಗಿರಾಕಿಗೆ ಮಾತ್ರ. ಆಳು ಬಿಟ್ಟುಹೋಗುವುದು ಪಕ್ಕದವರ ಸೆಳೆತಕ್ಕಲ್ಲ, ತನ್ನವರೇ ಅರಿಯದಿದ್ದಾಗ. ಇದೇ ಊರಿನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಬಹಮನಿ ವಜೀರ ಮಹಮೂದ್ ಗಾವಾನನಿಗೆ ಬಿರುದುಗಳಿಗೇನೂ ಕೊರತೆಯಿರಲಿಲ್ಲ. 1481ರಲ್ಲಿ ಅವನ ಮೊಹರಿದ್ದ ನಕಲಿ ಪತ್ರವೊಂದನ್ನು ನಂಬಿದ ಸುಲ್ತಾನ, ವಿಚಾರಣೆಯಿಲ್ಲದೆ ಅವನ ತಲೆ ತೆಗೆಸಿದ. ಬಿರುದು ಕೊಟ್ಟವರು ಆಳನ್ನು ಅರಿತಿರಲಿಲ್ಲ. ಗಾವಾನನ ಕೈಕೆಳಗೆ ಬೆಳೆದ ಯೂಸುಫ್ ಆದಿಲ್ ಖಾನ ಬೀದರಿನಿಂದ ದೂರ ಸರಿದ, ಹತ್ತು ವರ್ಷ ಕಳೆಯುವುದರೊಳಗೆ ವಿಜಯಪುರದಲ್ಲಿ ತನ್ನದೇ ರಾಜ್ಯ ಕಟ್ಟಿಕೊಂಡ. ಅವನನ್ನು ಸೆಳೆಯಲು ಪಕ್ಕದ ಅಂಗಡಿಯವರು ಯಾರೂ ಬಂದಿರಲಿಲ್ಲ.