ಹಿಂದಿರುಗಿಸುವವನ ಧರ್ಮ

ಒಬ್ಬರಿಂದ ತೆಗೆದುದನ್ನು ಅವರಿಗೆ ಹಿಂದಿರುಗಿಸುವುದು ಧರ್ಮವೆಂಬ ವಿಷಯದಲ್ಲಿ ವಿವಾದವಿಲ್ಲ. ಆದರೆ ವಸ್ತುವು ಒಡೆಯನ ಕೈಸೇರಿದ ಕ್ಷಣದಲ್ಲಿಯೇ ಆ ಧರ್ಮವು ಮುಗಿದುಹೋಗುವುದೆ, ಅಥವಾ ಕೊಡುವ ರೀತಿಗೂ ಕೊಡುವವನು ಹೊಣೆಯಾಗುವನೆ? ಈ ಪ್ರಶ್ನೆಯನ್ನು ವಿಚಾರಮಾಡುವುದಕ್ಕೆ ನಮ್ಮ ಶರೀರದ ಮೂತ್ರಪಿಂಡಗಳು ಒಳ್ಳೆಯ ನಿದರ್ಶನವನ್ನು ಒದಗಿಸುತ್ತವೆ.

ಈ ಎರಡು ಅವಯವಗಳ ತೂಕವು ಇಡೀ ದೇಹದ ತೂಕದಲ್ಲಿ ನೂರಕ್ಕೆ ಒಂದು ಪಾಲನ್ನೂ ಮುಟ್ಟದು. ಆದರೂ ಹೃದಯವು ಹೊರಡಿಸುವ ರಕ್ತದಲ್ಲಿ ಸುಮಾರು ಐದನೆಯ ಒಂದು ಭಾಗವು ಇವುಗಳಿಗೇ ಸಲ್ಲುತ್ತದೆ. ಇಷ್ಟು ಸಂಪತ್ತಿದ್ದರೂ ಮೂತ್ರಪಿಂಡದ ಒಳಭಾಗವು ಆಮ್ಲಜನಕದ ವಿಷಯದಲ್ಲಿ ಬಡತನದಲ್ಲಿಯೇ ಬಾಳುತ್ತದೆ. ಅಲ್ಲಿಯ ಸೂಕ್ಷ್ಮನಾಳಗಳು ದುಡಿಯುವುದು ಬಹಳ, ಪಡೆಯುವುದು ಸ್ವಲ್ಪ. ರಕ್ತವು ನಿಂತರೆ ಬೇಗನೆ ನರಳುವುದೂ ಆ ಭಾಗವೇ.

ಗಡ್ಡೆಯನ್ನು ತೆಗೆಯುವಾಗ ಶಸ್ತ್ರವೈದ್ಯನು ಮೂತ್ರಪಿಂಡದ ಧಮನಿಯನ್ನು ಕೆಲವು ನಿಮಿಷ ಬಿಗಿಹಿಡಿಯಬೇಕಾಗುತ್ತದೆ. ಒಬ್ಬರ ಮೂತ್ರಪಿಂಡವನ್ನು ಮತ್ತೊಬ್ಬರಿಗೆ ಜೋಡಿಸುವಾಗಲಂತೂ ರಕ್ತದ ಸಂಬಂಧವೇ ಕಡಿದಿರುತ್ತದೆ. ಈ ಅವಧಿಯಲ್ಲಿ ಜೀವಕೋಶಗಳೊಳಗೆ ಸಕ್ಸಿನೇಟ್ ಎಂಬ ದ್ರವ್ಯವು ಕೂಡಿಬೀಳುತ್ತದೆ. ರಕ್ತವು ಮರಳಿ ನುಗ್ಗಿದೊಡನೆ ಅದು ಒಮ್ಮೆಲೇ ಉರಿದು, ಆಮ್ಲಜನಕದ ಉಗ್ರರೂಪಗಳನ್ನು ಹುಟ್ಟಿಸುತ್ತದೆ. ರಕ್ತದ ಬಿಳಿಯ ಕಣಗಳು ಮುತ್ತುತ್ತವೆ, ಉರಿಯೂತವು ಹಬ್ಬುತ್ತದೆ. ಹೀಗೆ ಪ್ರಾಣಾಧಾರವಾದುದೇ ಪ್ರಾಣಬಾಧಕವಾಗುವುದು.

ಹಾಗಾದರೆ ಹಿಂದಿರುಗಿಸಿದುದೇ ತಪ್ಪೆ? ಎಂದಿಗೂ ಅಲ್ಲ. ರಕ್ತವನ್ನು ಕೊಡದೆ ಬಿಟ್ಟ ಮೂತ್ರಪಿಂಡವು ನಿಶ್ಚಯವಾಗಿ ಸಾಯುತ್ತದೆ. ಮರಳಿದಾಗ ಆಗುವ ಗಾಯದ ಬೀಜವು ಬಿತ್ತಲ್ಪಟ್ಟದ್ದು ತಡೆಹಿಡಿದ ಕಾಲದಲ್ಲಿ. ತಡೆ ದೀರ್ಘವಾದಷ್ಟೂ ಗಾಯವು ಘೋರ. ಬಹುಕಾಲ ವಿದ್ಯೆಯಿಂದಲೋ ಹಕ್ಕಿನಿಂದಲೋ ದೂರವಿಡಲ್ಪಟ್ಟ ಜನರನ್ನು ಕುರಿತು, “ಈಗಲೇ ಕೊಟ್ಟರೆ ಇವರು ತಾಳಲಾರರು, ಇನ್ನಷ್ಟು ಕಾಲ ಕಳೆಯಲಿ” ಎನ್ನುವವರುಂಟು. ಅವರು ಕಾರಣವನ್ನೇ ಔಷಧವೆಂದು ಕೊಡುವ ವೈದ್ಯರು. ಮೂತ್ರಪಿಂಡದ ಸಾಕ್ಷ್ಯವು ಅವರ ಪಕ್ಷಕ್ಕೆ ದೊರೆಯದು.

ಬಲ್ಲ ವೈದ್ಯನು ಮಾಡುವುದೇನು? ಮೊದಲನೆಯದಾಗಿ ತಡೆಯ ಕಾಲವನ್ನು ಕುಗ್ಗಿಸುತ್ತಾನೆ. ಎರಡನೆಯದಾಗಿ, ತಡೆಯಿರುವಾಗ ಅವಯವವನ್ನು ತಣ್ಣಗಿಟ್ಟು ಅದರ ಹಸಿವನ್ನು ತಗ್ಗಿಸುತ್ತಾನೆ. ತೆಗೆದ ಮೂತ್ರಪಿಂಡವನ್ನು ಬರಿಯ ಮಂಜುಗಡ್ಡೆಯಲ್ಲಿಡುವುದಕ್ಕಿಂತ, ಯಂತ್ರದ ಮೂಲಕ ತಂಪಾದ ದ್ರವವನ್ನು ಅದರೊಳಗೆ ಹರಿಸುತ್ತಿದ್ದರೆ ಅದು ಹೊಸ ದೇಹದಲ್ಲಿ ಕೆಲಸಕ್ಕೆ ತಡಮಾಡುವುದು ಕಡಿಮೆಯೆಂದು 2009ರಲ್ಲಿ ಪ್ರಕಟವಾದ ಐರೋಪ್ಯ ಪರೀಕ್ಷೆಯೊಂದು ತೋರಿಸಿತು. ಮೃತದಾನಿಯೊಬ್ಬನ ಎರಡು ಮೂತ್ರಪಿಂಡಗಳಲ್ಲಿ ಒಂದನ್ನು ಯಂತ್ರಕ್ಕೂ ಇನ್ನೊಂದನ್ನು ಮಂಜುಗಡ್ಡೆಗೂ ಒಪ್ಪಿಸಿ ನಡೆಸಿದ ಪರೀಕ್ಷೆಯದು. ತಡವಾದವು ಯಂತ್ರದ ಪಕ್ಷದಲ್ಲಿ ನೂರಕ್ಕೆ ಸುಮಾರು 21, ಇನ್ನೊಂದರಲ್ಲಿ ಸುಮಾರು 27.

ಅಲ್ಪಸ್ವಲ್ಪ ಅಭಾವವನ್ನು ಮುಂಚೆಯೇ ಅಭ್ಯಾಸಮಾಡಿಸಿದರೆ ಅವಯವವು ಬಲವಾಗುವುದೆಂಬ ಮತವೂ ಉಂಟು. 1986ರಲ್ಲಿ ನಾಯಿಗಳ ಹೃದಯದಲ್ಲಿ ಇದು ಕಂಡುಬಂದಿತು. ಆದರೆ ತೋಳಿಗೆ ಪಟ್ಟಿಕಟ್ಟಿ ಬಿಗಿದು ಬಿಟ್ಟು, ಹೃದಯದ ಶಸ್ತ್ರಕ್ರಿಯೆಗೆ ಒಳಗಾಗುವವರ ಅವಯವಗಳನ್ನು ಕಾಯಲು ನೋಡಿದ ಎರಡು ದೊಡ್ಡ ಪರೀಕ್ಷೆಗಳಲ್ಲಿ, 2015ರಲ್ಲಿ, ಮೂತ್ರಪಿಂಡಗಳಿಗೆ ಪ್ರಯೋಜನವು ತೋರಲಿಲ್ಲ. ಕಷ್ಟವನ್ನು ಗುರುವೆಂದು ಹೊಗಳುವವರು, ವಿಶೇಷವಾಗಿ ಪರರ ಕಷ್ಟವನ್ನು ಹೊಗಳುವವರು, ಇದನ್ನು ನೆನೆಯುವುದು ಲೇಸು.

ಮೂರನೆಯ ಕರ್ತವ್ಯವೇ ಮುಖ್ಯವಾದುದು. ಜೋಡಿಸಿದ ಮೂತ್ರಪಿಂಡವು ಕೆಲವು ವೇಳೆ ದಿನಗಟ್ಟಲೆ, ವಾರಗಟ್ಟಲೆ ಮೌನವಾಗಿರುತ್ತದೆ. ವೈದ್ಯನು ಅದನ್ನು ಅಯೋಗ್ಯವೆಂದು ಕಿತ್ತೆಸೆಯದೆ, ರಕ್ತವನ್ನು ಯಂತ್ರದಿಂದ ಶೋಧಿಸುತ್ತ ಅದರ ಭಾರವನ್ನು ತಾನು ಹೊತ್ತು ಕಾಯುತ್ತಾನೆ. ಅನೇಕವು ಎಚ್ಚತ್ತು ಕೆಲಸಕ್ಕೆ ತೊಡಗುತ್ತವೆ.

ಆದುದರಿಂದ ಹಿಂದಿರುಗಿಸುವವನ ಧರ್ಮವು ಮೂರು ಬಗೆಯದು: ತಡಮಾಡದೆ ಕೊಡುವುದು, ಪಡೆಯುವವನ ಸ್ಥಿತಿಯನ್ನರಿತು ಕೊಡುವುದು, ಕೊಟ್ಟ ಮೇಲೆ ಬಳಿಯಲ್ಲಿ ನಿಲ್ಲುವುದು. “ನಿನ್ನದು ನಿನಗೆ ಸಂದಿತು, ಇನ್ನು ನಿನ್ನ ಪಾಡು ನಿನ್ನದು” ಎಂದು ಹೊರಟುಹೋಗುವವನು ಸಾಲವನ್ನು ತೀರಿಸಿರಬಹುದು, ಋಣವನ್ನು ತೀರಿಸಿಲ್ಲ.