ಮಿದುಳಿನ ಅಳತೆಯಲ್ಲಿ ಕಳೆಯತಕ್ಕದ್ದು ಯಾವುದು?

ಕಾಮಗೆರೆಯ ಹೊಲಗಳಲ್ಲಿ ಬಾಳೆಲ್ಲ ದುಡಿದು, ಶಾಲೆಯ ಮೆಟ್ಟಿಲನ್ನೇ ತುಳಿಯದ ವೃದ್ಧ ರೈತನೊಬ್ಬನನ್ನು ವಾಚಕರು ಊಹಿಸಿಕೊಳ್ಳಬೇಕು. ಅವನಂತಹ ನೂರಾರು ಮಂದಿಯ ಮಿದುಳನ್ನು ಎಂ.ಆರ್.ಐ. ಯಂತ್ರದಿಂದ ಚಿತ್ರಿಸಿ, ಪಟ್ಟಣದ ವಿದ್ಯಾವಂತ ವೃದ್ಧರ ಚಿತ್ರಗಳೊಡನೆ ಹೋಲಿಸಲಾಗಿ, ನೆನಪಿಗೆ ಆಧಾರವಾದ ಒಂದು ಭಾಗವು ಹಳ್ಳಿಗರಲ್ಲಿ ಕಿರಿದಾಗಿ ಕಂಡಿತೆಂದು ಇಟ್ಟುಕೊಳ್ಳೋಣ. ಇಷ್ಟರಿಂದ ಅವರ ವಿಷಯವಾಗಿ ಏನನ್ನು ಹೇಳುವುದು ನ್ಯಾಯ?

ಈ ಉದಾಹರಣೆ ನನ್ನ ಕಲ್ಪನೆ. ಆದರೆ ಹಳ್ಳಿಗರ ಮಿದುಳನ್ನು ಅಳೆಯುವ ಕೆಲಸ ಕಲ್ಪನೆಯಲ್ಲ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ವರ್ಷ ತುಂಬಿದ ಗ್ರಾಮಸ್ಥರನ್ನು ಬೆಂಗಳೂರಿನ ಮಿದುಳು ಸಂಶೋಧನ ಕೇಂದ್ರದವರು 2018ರಿಂದ ಇಂತಹ ಪರೀಕ್ಷೆಗಳಿಗೆ ಒಳಪಡಿಸುತ್ತ ಬಂದಿದ್ದಾರೆ.

ತಲೆ ದೊಡ್ಡದಾದರೆ ಮಿದುಳಿನ ಭಾಗಗಳೂ ಸಾಮಾನ್ಯವಾಗಿ ದೊಡ್ಡವು. ವಯಸ್ಸಾದಂತೆ ಅವು ಕುಗ್ಗುತ್ತವೆ. ಆದುದರಿಂದ ತಲೆಯ ಗಾತ್ರ, ವಯಸ್ಸು ಮೊದಲಾದವುಗಳ ಪ್ರಭಾವವನ್ನು ಲೆಕ್ಕದಲ್ಲಿ ಕಳೆದು, ಉಳಿದುದನ್ನು ಹೋಲಿಸುವುದು ಸಂಖ್ಯಾಶಾಸ್ತ್ರಜ್ಞರ ರೂಢಿ. ಇದು ಸರಿಯೇ. ತೊಡಕು ಇರುವುದು ಓದಿನಲ್ಲಿ. ಓದಿನ ಪ್ರಭಾವವನ್ನೂ ಕಳೆದರೆ, ಸಮಾನವಾಗಿ ಓದಿದ ಹಳ್ಳಿಗನಿಗೂ ಪಟ್ಟಣಿಗನಿಗೂ ಭೇದವುಂಟೇ ಎಂದು ಕೇಳಿದಂತಾಯಿತು. ಕಳೆಯದಿದ್ದರೆ, ಇದ್ದ ಸ್ಥಿತಿಯಲ್ಲಿ ಭೇದವೆಷ್ಟು ಎಂದು ಕೇಳಿದಂತಾಯಿತು. ಎರಡು ಪ್ರಶ್ನೆಗಳಿಗೂ ಬರುವ ಉತ್ತರ ಬೇರೆ ಬೇರೆಯಾಗಬಹುದು. ಒಂದೇ ಅಂಕಿಗಳಿಂದ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಹೇಗೆ ವಿರುದ್ಧ ತೀರ್ಮಾನಗಳಿಗೆ ಬರಬಹುದೆಂಬುದನ್ನು ಅಮೆರಿಕದ ಫ್ರೆಡೆರಿಕ್ ಲಾರ್ಡ್ 1967ರಲ್ಲಿಯೇ ತೋರಿಸಿಕೊಟ್ಟರು.

ಬಡತನವು ಓದನ್ನು ತಪ್ಪಿಸಿ, ಆ ದಾರಿಯಿಂದಲೇ ಮಿದುಳನ್ನು ಮುಟ್ಟಿದ್ದರೆ, ಓದನ್ನು ಕಳೆದವನು ಬಡತನದ ಹಾನಿಯನ್ನೇ ಕಳೆದನೆನ್ನಬೇಕು. ಕಳೆಯದೆ ಬಿಟ್ಟವನ ಅಂಕಿಯನ್ನು ಹಿಡಿದು, ಹಳ್ಳಿಯವರ ಬುದ್ಧಿಯೇ ಅಷ್ಟು ಎನ್ನುವ ಮಹಾಶಯರೂ ಹುಟ್ಟದಿರರು. ಇನ್ನೊಂದು ಕಷ್ಟವುಂಟು. ಹಳ್ಳಿಯ ಗುಂಪಿನಲ್ಲಿ ಓದಿದವರೂ ಪಟ್ಟಣದ ಗುಂಪಿನಲ್ಲಿ ಓದದವರೂ ಇಲ್ಲವೇ ಇಲ್ಲವೆಂದರೆ, ಲೆಕ್ಕವು ಹೋಲಿಸುವುದು ಇಲ್ಲದ ಮನುಷ್ಯರನ್ನು! ಆಗ ಯಾವ ಸೂತ್ರವೂ ನೆರವಾಗದು. ಅಂತಹವರನ್ನು ಹುಡುಕಿ ಅಳೆಯಬೇಕು.

2020ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, 108 ಮಂದಿಯ ಮಿದುಳಿನ ಚಿತ್ರಗಳನ್ನು 70 ತಂಡಗಳಿಗೆ ಕೊಡಲಾಯಿತು. ಕೇಳಿದ ಪ್ರಶ್ನೆಗಳು ಒಂಬತ್ತೇ. ಹಲವಕ್ಕೆ ಉತ್ತರಗಳು ಹೊಂದಲಿಲ್ಲ. ಇವರಾರೂ ವಂಚಕರಲ್ಲ. ಆದರೆ ಐದಾರು ಮಾದರಿಗಳನ್ನು ತಾನೊಬ್ಬನೇ ಪ್ರಯೋಗಿಸಿ, ಮನಸ್ಸಿಗೆ ಒಪ್ಪಿದುದನ್ನು ಮಾತ್ರ ಅಚ್ಚಿಗೆ ಕಳುಹಿಸುವವನನ್ನು ಏನೆನ್ನೋಣ? ಅವನ ಅಂಕಿಗಳಲ್ಲಿ ಒಂದೂ ಸುಳ್ಳಿಲ್ಲದಿರಬಹುದು. ಮುಚ್ಚಿಟ್ಟ ಹಾಳೆಗಳಲ್ಲಿದೆ ಸುಳ್ಳು. ಯಾವುದನ್ನು ಕಳೆಯುವೆನು, ಏಕೆ ಎಂಬುದನ್ನು ಚಿತ್ರಗಳನ್ನು ನೋಡುವ ಮೊದಲೇ ಬರೆದಿಡುವ ಪದ್ಧತಿ ಈಗ ಕೆಲವೆಡೆ ಬಂದಿರುವುದು ಸಂತೋಷ.

ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾಯರು 1946ರಲ್ಲಿ ಕೇಂಬ್ರಿಜ್‌ಗೆ ಹೋಗಿ, ಸೂಡಾನಿನ ಪ್ರಾಚೀನರ ಎಲುಬುಗಳ ಅಳತೆಗಳನ್ನು ವಿವೇಚಿಸಿದರು. ಆ ಎಲುಬುಗಳು ಏನನ್ನೂ ಕೇಳಲಾರವು. ನಮ್ಮ ಕಾಮಗೆರೆಯ ವೃದ್ಧನು ಕೇಳಬಲ್ಲನು. ಅವನಿಗೆ ಓದನ್ನು ಕಳೆದ ಉತ್ತರವನ್ನೂ ಕಳೆಯದ ಉತ್ತರವನ್ನೂ ಒಟ್ಟಿಗೆ ಹೇಳಬೇಕೆಂಬುದು ನನ್ನ ಮತ.