ಸಾಲಿಗ್ರಾಮ ಸತ್ತ ಜೀವಿಯ ಕುರುಹಾದರೆ ಮೈಲಿಗೆಯೇ?

ಪ್ರಶ್ನೆ: ಮುತ್ತಜ್ಜನ ಕಾಲದಿಂದ ನಮ್ಮ ಮನೆಯಲ್ಲಿ ಸಾಲಿಗ್ರಾಮ ಪೂಜೆ ನಡೆದುಬಂದಿದೆ. ಮಗ ಭೂವಿಜ್ಞಾನ ಓದುತ್ತಿದ್ದಾನೆ. ಕಾಲೇಜಿನವರ ಜೊತೆ ಗುಜರಾತಿನ ಕಛ್‌ಗೆ ಹೋದವನು ಸುರುಳಿಯಾಕಾರದ ಒಂದು ಕಲ್ಲು ತಂದಿದ್ದಾನೆ. “ಇದು ಅಮ್ಮೊನೈಟ್, ಸಮುದ್ರದ ಪ್ರಾಣಿ. ನಿಮ್ಮ ಸಾಲಿಗ್ರಾಮವೂ ಇದೇ. ಸತ್ತ ಪ್ರಾಣಿಗೆ ಮಡಿಯುಟ್ಟು ಅಭಿಷೇಕ ಮಾಡ್ತೀರಲ್ಲ ಅಪ್ಪಾ” ಅಂತಾನೆ. ಅಂದಿನಿಂದ ತೀರ್ಥವನ್ನೂ ತೆಗೆದುಕೊಳ್ಳುತ್ತಿಲ್ಲ. ಅವನು ಹೇಳುವುದು ನಿಜವೇ? ನಿಜವಾದರೆ ಅದು ಮೈಲಿಗೆಯಲ್ಲವೇ? ನನ್ನ ನಂತರ ಪೂಜೆಯ ಗತಿಯೇನು?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಚಕ್ರ ಕಾಣುವ ಸಾಲಿಗ್ರಾಮಗಳ ಮಟ್ಟಿಗೆ ನಿಮ್ಮ ಮಗ ಹೇಳಿದ್ದು ನಿಜ. ಅದನ್ನು ಮೊದಲು ಅವನೆದುರಿಗೇ ಒಪ್ಪಿಕೊಳ್ಳಿ. ನಿಜವನ್ನು ಅಲ್ಲಗಳೆದು ದೇವರನ್ನು ಉಳಿಸಿಕೊಳ್ಳಬೇಕಾದ ಸ್ಥಿತಿ ನಮಗೆ ಬಂದಿಲ್ಲ.

ಸಾಲಿಗ್ರಾಮ ಸಿಗುವುದು ನೇಪಾಳದ ಕಾಳಿ ಗಂಡಕಿಯಲ್ಲಿ. ಮುಕ್ತಿನಾಥ ಕ್ಷೇತ್ರವಿರುವ ಮುಸ್ತಾಂಗ್ ಸೀಮೆ ಅದು, ಮುಕ್ತಿನಾಥವೇ ಸುಮಾರು 3,700 ಮೀಟರ್ ಎತ್ತರದಲ್ಲಿದೆ. ಸುಮಾರು 15 ಕೋಟಿ ವರ್ಷಗಳ ಹಿಂದೆ, ಜುರಾಸಿಕ್ ಕಾಲದಲ್ಲಿ, ಅಲ್ಲಿ ಹಿಮಾಲಯವಿರಲಿಲ್ಲ, ಟೆಥಿಸ್ ಎಂಬ ಸಮುದ್ರವಿತ್ತು. ಆಕ್ಟೋಪಸ್ಸಿನ ದೂರದ ಬಂಧುವಾದ ಅಮ್ಮೊನೈಟ್ ಆ ನೀರಿನಲ್ಲಿ ಬದುಕಿತ್ತು. ಅದರ ಚಿಪ್ಪಿನೊಳಗೆ ಸಾಲು ಸಾಲು ಕೋಣೆಗಳು. ಬೆಳೆದಂತೆಲ್ಲ ಹಿಂದಿನ ಕೋಣೆಗೆ ಅಡ್ಡಗೋಡೆ ಕಟ್ಟಿ, ಹೊರಗಿನ ಕೊನೆಯ ಕೋಣೆಯಲ್ಲಿ ತಾನಿರುತ್ತಿತ್ತು. ಹಿಂದಿನವು ಗಾಳಿ ತುಂಬಿ ಅದನ್ನು ತೇಲಿಸುತ್ತಿದ್ದವು. ಸತ್ತು ತಳ ಸೇರಿದ ಮೇಲೆ ಮೈ ಕೊಳೆತುಹೋಯಿತು, ಚಿಪ್ಪಿನೊಳಗೂ ಸುತ್ತಲೂ ಕಪ್ಪು ಕೆಸರು ಗಟ್ಟಿಯಾಗಿ ಉಂಡೆಕಲ್ಲಾಯಿತು. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ನೆಲ ಏಷ್ಯಾಕ್ಕೆ ಒತ್ತಿಕೊಂಡಾಗ ಆ ಸಮುದ್ರತಳವೇ ಮೇಲೆದ್ದು ಪರ್ವತವಾಯಿತು. ಈಗ ಗಂಡಕಿ ಆ ಪದರಗಳನ್ನು ಕೊರೆದು, ಕಲ್ಲನ್ನು ಉರುಳಿಸಿ, ನುಣುಪು ಮಾಡಿ ಕೊಡುತ್ತಾಳೆ. ನೀವು ಚಕ್ರವೆನ್ನುವುದು ಆ ಚಿಪ್ಪಿನ ಅಚ್ಚು.

ವಜ್ರಕೀಟ ಕಲ್ಲನ್ನು ಕೊರೆದು ಚಕ್ರ ಬರೆಯಿತೆಂಬ ಕಥೆ ನಿಮಗೆ ಗೊತ್ತೇ ಇದೆ. ಕಲ್ಲಿನೊಳಗೆ ಜೀವಿಯೊಂದು ಇತ್ತು ಅನ್ನುವುದು ನಮ್ಮವರಿಗೆ ಹೊಸದಲ್ಲ. ಹಾಗೆಂದು ‘ಪಳೆಯುಳಿಕೆ ವಿಜ್ಞಾನ ನಮ್ಮ ಹಿರಿಯರಿಗೆ ಆಗಲೇ ಗೊತ್ತಿತ್ತು’ ಅಂತ ಮಗನ ಮುಂದೆ ಎದೆ ತಟ್ಟಿಕೊಳ್ಳಬೇಡಿ. ಹುಡುಗರಿಗೆ ದೇವರ ಮೇಲೆ ಬೇಸರ ಬರುವುದು ಇಂಥ ಮಾತಿನಿಂದಲೇ ಹೆಚ್ಚು.

ಇನ್ನು ಮೈಲಿಗೆಯ ಮಾತು. ಅಭಿಷೇಕಕ್ಕೆ ಶಂಖ ಹಿಡಿಯುತ್ತೀರಲ್ಲ, ಅದೂ ಸಮುದ್ರದ ಪ್ರಾಣಿಯ ಚಿಪ್ಪೇ, ಅದೂ ಕಲ್ಲಾಗದ ಅಸಲು ಚಿಪ್ಪು. ಸಾಲಿಗ್ರಾಮದಲ್ಲಾದರೋ ಮೈ ಉಳಿದಿಲ್ಲ, ಎಷ್ಟೋ ಸಲ ಚಿಪ್ಪೂ ಉಳಿದಿಲ್ಲ, ಆಕಾರ ಮಾತ್ರ. ನಮ್ಮ ತರ್ಕಶಾಸ್ತ್ರದಲ್ಲಿ ಒಂದು ಹಳೆಯ ಉದಾಹರಣೆ ಇದೆ: ಮನುಷ್ಯನ ತಲೆಬುರುಡೆಯೂ ಪ್ರಾಣಿಯ ಅಂಗ, ಶಂಖವೂ ಪ್ರಾಣಿಯ ಅಂಗ, ಶಂಖ ಶುದ್ಧವಾದ್ದರಿಂದ ಬುರುಡೆಯೂ ಶುದ್ಧ ಎಂದು ಒಬ್ಬ ವಾದಿಸುತ್ತಾನೆ. ಇದು ತಪ್ಪು ಅನುಮಾನಕ್ಕೆ ಕೊಡುವ ಮಾದರಿ. ವಸ್ತು ಯಾವುದರಿಂದ ಆಯಿತು ಅನ್ನುವುದೊಂದರಿಂದಲೇ ಶುದ್ಧಾಶುದ್ಧ ತೀರ್ಮಾನವಾಗದು ಎಂಬುದನ್ನು ಆಗಲೇ ಯೋಚಿಸಿದ್ದರು. ನಿಮ್ಮ ಮಗನ ವಾದ ಇದೇ ವಾದವನ್ನು ತಿರುಗಿಸಿಟ್ಟದ್ದು, ಅಷ್ಟೇ.

ಆದರೆ ಅವನ ನಿಜವಾದ ಪ್ರಶ್ನೆ ಮೈಲಿಗೆಯದಲ್ಲ ಅಂತ ನನಗನ್ನಿಸುತ್ತದೆ. ಎರಡೂ ಒಂದೇ ಬಗೆಯ ಕಲ್ಲಾದರೆ ಕಛ್‌ನದು ಮೇಜಿನ ಮೇಲೆ, ಗಂಡಕಿಯದು ಮಂಟಪದಲ್ಲಿ ಯಾಕೆ? ಇದು ಒಳ್ಳೆಯ ಪ್ರಶ್ನೆ. ಇಂಗ್ಲೆಂಡಿನ ವಿಟ್ಬಿ ಊರಿನವರು ಇದೇ ಸುರುಳಿಯನ್ನು ಕಂಡು, ಸಂತ ಹಿಲ್ಡಾ ಹಾವುಗಳನ್ನು ಕಲ್ಲಾಗಿಸಿದಳು ಎಂದರು. ಹಾವಿನ ತಲೆ ಕೆತ್ತಿ ಮಾರಿದ್ದೂ ಉಂಟು. ಅಮ್ಮೊನೈಟ್ ಅನ್ನುವ ಹೆಸರೇ ಟಗರಿನ ಕೊಂಬಿನ ಈಜಿಪ್ಟ್ ದೇವರು ಅಮ್ಮೋನನಿಂದ ಬಂದದ್ದು. ಹಾಗಾಗಿ ದೈವತ್ವ ಸುರುಳಿಯಲ್ಲಿದೆ ಎನ್ನಲು ಬರುವುದಿಲ್ಲ.

ನಿಮ್ಮ ಮನೆಯವರ ಮಾಂಗಲ್ಯವನ್ನು ಅಕ್ಕಸಾಲಿಗನ ಒರೆಗಲ್ಲಿಗೆ ತಿಕ್ಕಿದರೆ ಅಂಗಡಿಯ ಚಿನ್ನವೂ ಅದೂ ಒಂದೇ ಎನ್ನುತ್ತದೆ. ಒರೆಗಲ್ಲು ಸುಳ್ಳು ಹೇಳಲಿಲ್ಲ. ಅದನ್ನು ಕೇಳಿದ ಪ್ರಶ್ನೆಯೇ ಅಷ್ಟು. ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದಲ್ಲಿ, ಎಲ್ಲೆಡೆ ಇರುವವನನ್ನು ಒಂದೆಡೆ ಉಪಾಸನೆ ಮಾಡುವುದಕ್ಕೆ ಸಾಲಿಗ್ರಾಮದ ಹರಿಯನ್ನೇ ಉದಾಹರಣೆಯಾಗಿ ಕೊಡುತ್ತಾರೆ. ಮಾಧ್ವರು ಅಲ್ಲಿ ವಿಶೇಷ ಸನ್ನಿಧಾನವಿದೆ ಎನ್ನುತ್ತಾರೆ, ಆದರೆ ಕಲ್ಲೇ ಹರಿ ಎಂದು ಅವರೂ ಹೇಳುವುದಿಲ್ಲ. ಸನ್ನಿಧಾನವನ್ನು ತೋರಿಸಿಕೊಡುವ ಯಂತ್ರ ನನ್ನಲ್ಲಿಲ್ಲ. ಮಗ ಪುರಾವೆ ಕೇಳಿದರೆ, ಇಲ್ಲ ಅಂತಲೇ ಹೇಳಿ. ಗಂಡಕಿಯ ಕಲ್ಲನ್ನು ಶಾಸ್ತ್ರ ಆರಿಸಿತು, ನಿಮ್ಮ ಮುತ್ತಜ್ಜ ಒಪ್ಪಿಕೊಂಡರು, ಅಂದಿನಿಂದ ಅದಕ್ಕೆ ನೈವೇದ್ಯ ತಪ್ಪಿಲ್ಲ. ಕಛ್‌ನ ಕಲ್ಲಿಗೆ ಈ ಯಾವುದೂ ಆಗಿಲ್ಲ.

ತೀರ್ಥಕ್ಕೆ ಬಲವಂತ ಬೇಡ. ಮುಖ ಗಂಟಿಕ್ಕಿಕೊಂಡು ಕುಡಿದ ತೀರ್ಥದಿಂದ ಯಾರಿಗೇನು ಬಂತು? ಅದರ ಬದಲು ಒಂದು ದಿನ ಸ್ನಾನ ಮಾಡಿ ಬಂದು ಭೂತಗನ್ನಡಿ ಹಿಡಿದು ನೋಡಲಿ, ಆ ಕೋಣೆಗಳನ್ನು ನಿಮಗೂ ತೋರಿಸಲಿ. ಅದರಿಂದ ಸಾಲಿಗ್ರಾಮಕ್ಕೆ ಕೊರತೆಯಿಲ್ಲ. ಆದರೆ ಪರೀಕ್ಷೆಗೆಂದು ಆಸಿಡ್ ಹನಿ ಹಾಕುವುದು, ಒಡೆದು ನೋಡುವುದು ಬೇಡ ಅಂತ ಖಡಾಖಂಡಿತವಾಗಿ ಹೇಳಿ.

ನಿಮ್ಮ ನಂತರ ಅವನು ಮಾಡಿದರೆ ಸಂತೋಷ. ದಿನವೂ ನೀರು, ಒಂದು ತುಳಸಿದಳ, ಮನೆಯಲ್ಲಿ ಮಾಡಿದ್ದರ ನೈವೇದ್ಯ ಇಷ್ಟಾದರೂ ಸಾಕು. ಆಗದು ಎಂದರೆ, ನೀವು ಗಟ್ಟಿಯಾಗಿರುವಾಗಲೇ ಪೂಜೆ ನಡೆಯುವ ದಾಯಾದಿಗಳ ಮನೆಗೋ ನಿಮ್ಮ ಮಠಕ್ಕೋ ಕೊಟ್ಟುಬಿಡಿ. ಹಣ ಮುಟ್ಟಬೇಡಿ, ಸಾಲಿಗ್ರಾಮಕ್ಕೆ ಬೆಲೆ ಕಟ್ಟುವುದನ್ನು ಪುರಾಣಗಳು ಖಂಡಿಸಿವೆ. ಆನ್‌ಲೈನಿನಲ್ಲಿ ಸಾವಿರಾರು ರೂಪಾಯಿಗೆ ‘ಅಸಲಿ’ ಎಂದು ಬರುವ ಕಲ್ಲುಗಳ ಬಗ್ಗೆಯೂ ಹಲವರು ಕೇಳಿದ್ದೀರಿ, ನಿಮಗೂ ಇದೇ ಉತ್ತರ. ಮಗ ತಂದ ಕಲ್ಲು ಅವನ ಮೇಜಿನ ಮೇಲೇ ಇರಲಿ. ಅದನ್ನು ದೇವರ ಮನೆಗೆ ತರುವುದೂ ಬೇಡ, ಹೊರಗೆ ಎಸೆಯುವುದೂ ಬೇಡ.